ಚೌಕ ನಾಣ್ಯದ ಬಸವಣ್ಣ

ಕುಣಿಯ ಅಂಚಿನಲ್ಲಿ ಮಲ್ಲೇಶಪ್ಪ ಮೇಷ್ಟ್ರು ಹಿಡಿ ಮಣ್ಣು ಹಿಡಿದು ನಿಂತಿದ್ದರು. ಕೆಳಗೆ ಅವರ ಅವ್ವ ಈಶ್ವರಮ್ಮನನ್ನು ಕೂರಿಸಿ ಆಗಿತ್ತು. ಎಡಗೈಯಲ್ಲಿ ಲಿಂಗ, ಕೊರಳಲ್ಲಿ ಚೆಂಡುಹೂವಿನ ಹಾರ, ಹಣೆ ತುಂಬ ಬೆರಳು ದಪ್ಪ ವಿಭೂತಿ. ಅಯ್ಯನವರು ಪಾದೋದಕ ಚಿಮುಕಿಸಿದರು. ನೀರು ಬಿದ್ದಲ್ಲಿ ವಿಭೂತಿ ಕರಗಿ ಮೂಗಿನ ಮೇಲಿಳಿಯಿತು, ಅದರಡಿ ಹಚ್ಚಿದ್ದ ಬೆಳ್ಳಿ ನಾಣ್ಯ ಬಿಸಿಲಿಗೆ ಹೊಳೆಯಿತು. ಹಣೆಗೆ ನಾಣ್ಯ ಹಚ್ಚುವುದು ಹೊಸದಲ್ಲ, ಆ ಮನೆಯಲ್ಲಿ ಸತ್ತ ಹಿರಿಯರನ್ನು ಬೆಳ್ಳಿ ಇಲ್ಲದೆ ಕಳಿಸಿದ್ದೇ ಇಲ್ಲ. ಅಪ್ಪ ಹೋದಾಗ ಹಳೇ ರಾಣಿ ರೂಪಾಯಿ ಹಚ್ಚಿದ್ದರು. ಆದರೆ ಈ ನಾಣ್ಯ ದುಂಡಗಿರಲಿಲ್ಲ. ಚೌಕವಾಗಿತ್ತು, ಒಂದು ಮೂಲೆ ಸವೆದಿತ್ತು, ಮೇಲೆ ಡುಬ್ಬ ಎತ್ತಿ ನಿಂತ ಗೂಳಿ ಇತ್ತು.

ಊರವರ ಪಾಲಿಗೆ ಅದೊಂದು ಬೆಳ್ಳಿ ಚೂರು. ಮೇಷ್ಟ್ರಿಗೆ ಅದರ ತೂಕ ಗೊತ್ತಿತ್ತು: ಎರಡು ಗ್ರಾಂ, ಮೇಲೆ ನಾನ್ನೂರ ಇಪ್ಪತ್ತು ಮಿಲಿಗ್ರಾಂ. ವಯಸ್ಸು ಗೊತ್ತಿತ್ತು: ಎರಡು ಸಾವಿರದ ನೂರ ಎಂಬತ್ತರ ಆಸುಪಾಸು. ಅದನ್ನು ಅಚ್ಚು ಹಾಕಿಸಿದ ಗ್ರೀಕ್ ರಾಜನ ಹೆಸರು ಗೊತ್ತಿತ್ತು. ಈಗಿನ ಯಜಮಾನ ಯಾರು ಅಂತಲೂ ಗೊತ್ತಿತ್ತು. ಆ ಯಜಮಾನರು ಮೇಷ್ಟ್ರಿಂದ ಎರಡು ಹೆಜ್ಜೆ ಹಿಂದೆ, ಚಪ್ಪಲಿ ಬಿಟ್ಟು, ತಲೆಗೆ ಕರ್ಚೀಫು ಕಟ್ಟಿಕೊಂಡು, ಮಣ್ಣು ಹಾಕುವ ಸರದಿಗೆ ಕಾಯುತ್ತಾ ನಿಂತಿದ್ದರು.

ಮೇಷ್ಟ್ರಿಗೆ ಬಾಯಿ ಒಣಗಿತು. ನಾಲಗೆ ಅಂಗುಳಕ್ಕೆ ಅಂಟಿಕೊಂಡಿತು.

ಇಲ್ಲಿ ಒಂದು ಮಾತು ಹೇಳಬೇಕು, ಇಲ್ಲದಿದ್ದರೆ ಒಂದು ಬೆಳ್ಳಿ ಬಿಲ್ಲೆಗೆ ಇಷ್ಟೆಲ್ಲಾ ಯಾಕೆ ಅಂತ ನೀವು ಕೇಳುತ್ತೀರಿ. ಮಲ್ಲೇಶಪ್ಪ ಮೇಷ್ಟ್ರು ಶಿಕಾರಿಪುರದ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಇತಿಹಾಸ ಹೇಳಿದವರು. ಕೆಲವರಿಗೆ ಇಸ್ಪೀಟಿನ ಹುಚ್ಚು, ಕೆಲವರಿಗೆ ರಾಜಕೀಯದ ಹುಚ್ಚು, ಇವರಿಗೆ ಗ್ರೀಕರ ಬೆಳ್ಳಿ ನಾಣ್ಯದ ಹುಚ್ಚು. ಮಕ್ಕಳಿಗೆ ಅಲೆಕ್ಸಾಂಡರನ ಪಾಠ ಮಾಡುತ್ತಾ ಮಾಡುತ್ತಾ, ಅವನ ಕೈಯಲ್ಲಿ ಓಡಾಡಿದ ದುಡ್ಡು ಹೇಗಿತ್ತೋ ನೋಡಬೇಕು ಅನ್ನಿಸಿ ಶುರುವಾದದ್ದು. ಹುಚ್ಚು ಬಿಡುವವರೆಗೆ ಮದುವೆ ಆಗಲ್ಲ, ಮದುವೆ ಆಗುವವರೆಗೆ ಹುಚ್ಚು ಬಿಡಲ್ಲ ಅಂತಾರಲ್ಲ, ಇವರದು ಮದುವೆ ಆದ ಮೇಲೂ ಬಿಡಲಿಲ್ಲ. ಗ್ರೀಕ್ ಅಕ್ಷರ ತಾವೇ ಕಲಿತರು. ಇಷ್ಟು ವರ್ಷಕ್ಕೆ ಕೂಡಿಸಿದ್ದು ಹನ್ನೊಂದೇ ನಾಣ್ಯ. ಅದರಲ್ಲಿ ದೊಡ್ಡದು ಅಥೆನ್ಸಿನ ಗೂಬೆ ನಾಣ್ಯ, ನಿವೃತ್ತಿಯಾದ ವರ್ಷ ಮುಂಬೈ ಹರಾಜಿನಲ್ಲಿ ಕೊಂಡದ್ದು. ಅವತ್ತು ಹೆಂಡತಿ ನೀಲಾಂಬಿಕ, "ಗೂಬೆ ಮನೆಗೆ ಬಂತು, ಇನ್ನೇನು ಬಾಕಿ" ಅಂದು ಎರಡು ದಿನ ಮಾತು ಬಿಟ್ಟಿದ್ದರು.

ಈ ಹುಚ್ಚಿಗೆ ಜೊತೆಯಾದವರು ಮುಕ್ತಾರ್ ಅಹಮದ್. ಶಿಕಾರಿಪುರದ ಪೇಟೆಯಲ್ಲಿ ತಕ್ಕಡಿ ರಿಪೇರಿ ಅಂಗಡಿ. ಮಂಡಿಯವರ ದೊಡ್ಡ ತಕ್ಕಡಿಯಿಂದ ಹಿಡಿದು ಬೆಳ್ಳಿ-ಬಂಗಾರದವರ ಸಣ್ಣ ತಕ್ಕಡಿವರೆಗೆ ಎಲ್ಲವೂ ಅವರ ಕೈಗೇ ಬರಬೇಕು. ಗ್ರೀಕ್ ಅಕ್ಷರ ಅವರಿಗೆ ಬಾರದು, ಆದರೆ ನಾಣ್ಯವನ್ನು ಬೆರಳ ತುದಿಯಲ್ಲಿ ಒಮ್ಮೆ ತೂಗಿ, ಭೂತಗನ್ನಡಿಯಲ್ಲಿ ಅಂಚು ನೋಡಿ, ಇದು ಅಚ್ಚು ಹೊಡೆದದ್ದು, ಇದು ಎರಕ ಹೊಯ್ದ ಖೋಟಾ ಅಂತ ಹೇಳಿಬಿಡುತ್ತಿದ್ದರು. ಒಬ್ಬರು ಓದುವುದು, ಇನ್ನೊಬ್ಬರು ತೂಗುವುದು. ಇಪ್ಪತ್ತಾರು ವರ್ಷದಿಂದ ಪ್ರತಿ ಭಾನುವಾರ ಇದೇ.

ಚೌಕ ನಾಣ್ಯ ಮುಕ್ತಾರ್ ಸಾಬರದ್ದು. ಅವರ ತಂದೆ ಮುಂಬೈಯ ತಕ್ಕಡಿ ಕಾರ್ಖಾನೆಯಲ್ಲಿ ದುಡಿದಿದ್ದರು. ಊರಿಗೆ ಹೊರಟಾಗ ಪಾರ್ಸಿ ಮಾಲೀಕರು, ನಿನ್ನ ಕೈ ಸುಳ್ಳು ತೂಕ ತೂಗಿಲ್ಲ ಅಂತ ಹೇಳಿ ಕೈಗಿಟ್ಟ ಬಹುಮಾನ ಅದು. ಒಂದು ಕಡೆ ಆನೆ, ಸುತ್ತ ಗ್ರೀಕ್ ಅಕ್ಷರ. ಇನ್ನೊಂದು ಕಡೆ ಗೂಳಿ, ಸುತ್ತ ನಮ್ಮ ದೇಶದ್ದೇ ಹಳೇ ಖರೋಷ್ಠಿ ಲಿಪಿ. ಹಿಂದೂಕುಶ್ ದಾಟಿ ಬಂದು ರಾಜ್ಯ ಕಟ್ಟಿದ ಅಪೊಲೊಡೋಟಸ್ ಅನ್ನುವ ಗ್ರೀಕನ ನಾಣ್ಯ ಅಂತ ಕಂಡುಹಿಡಿಯಲು ಮೇಷ್ಟ್ರಿಗೆ ಒಂದು ವರ್ಷ ಹಿಡಿಯಿತು. ಗೊತ್ತಾದ ದಿನ ಇಬ್ಬರೂ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಜಾಮೂನು ತಿಂದಿದ್ದರು.

ಒಂದು ಪುಸ್ತಕವೂ ಇತ್ತು. ಉದ್ದನೆಯ, ರಟ್ಟಿನ ಹೊದಿಕೆಯ ಪುಸ್ತಕ. ಒಂದೊಂದು ನಾಣ್ಯಕ್ಕೆ ಒಂದೊಂದು ಪುಟ. ಯಾರ ಕೈಯಿಂದ ಯಾರ ಕೈಗೆ ಬಂತು, ಎಲ್ಲಿ, ಯಾವತ್ತು. ಅದನ್ನು ಶುರು ಮಾಡಿಸಿದವರು ಮೇಷ್ಟ್ರೇ. ಅದಕ್ಕೆ ಶಾಯಿ ಪೆನ್ನೇ ಆಗಬೇಕು ಅಂತ ಹಟ ಹಿಡಿದವರೂ ಅವರೇ. ಒಮ್ಮೆ ತೊಗರ್ಸಿ ಕಡೆಯವನೊಬ್ಬ ಒಂದು ನಾಣ್ಯ ತಂದು, ಹೊಲ ಉಳುವಾಗ ಸಿಕ್ಕಿತು ಅಂದ. ನಾಣ್ಯ ಅಸಲಿಯೇ, ಕಥೆ ಮಾತ್ರ ಸುಳ್ಳು. ಎಲ್ಲೋ ಜಾತ್ರೆಯಲ್ಲಿ ಕೊಂಡದ್ದು. ಮೇಷ್ಟ್ರು ಅವನನ್ನು ಅಂಗಡಿ ಮೆಟ್ಟಿಲ ಮೇಲೆ ನಿಲ್ಲಿಸಿ ಚಳಿ ಬಿಡಿಸಿದರು. "ನಾಣ್ಯ ಖೋಟಾ ಆದ್ರೆ ಕೊಂಡವನಿಗೆ ನಷ್ಟ ಕಣಯ್ಯ. ಅದರ ಕಥೆ ಖೋಟಾ ಆದ್ರೆ ಮುಂದೆ ಬರೋ ಎಲ್ಲರಿಗೂ ನಷ್ಟ. ಕಂಡದ್ದು ಹೇಳು, ಕಾಣದ್ದು ಹೇಳಬೇಡ." ಮುಕ್ತಾರ್ ಸಾಬರು ಆವತ್ತು ನಕ್ಕಿದ್ದರು. ಆಮೇಲೆ ಆ ಮಾತನ್ನು ಪುಸ್ತಕದ ಮೊದಲ ಪುಟದಲ್ಲಿ ತಮ್ಮ ಸೊಟ್ಟ ಕನ್ನಡದಲ್ಲಿ ಬರೆದಿಟ್ಟರು.

ಇಪ್ಪತ್ತಾರು ವರ್ಷದಲ್ಲಿ ಚೌಕ ನಾಣ್ಯ ಅಂಗಡಿ ಬಿಟ್ಟು ಹೊರಗೆ ಹೋದದ್ದು ಎರಡೇ ಸಲ. ಮೊದಲನೇ ಸಲ ಮುಕ್ತಾರ್ ಸಾಬರೇ ಕಿಸೆಯಲ್ಲಿಟ್ಟುಕೊಂಡು, ಸೊರಬ ತಾಲೂಕಿನ ಕುಬಟೂರಿನಲ್ಲಿರುವ ಮೇಷ್ಟ್ರ ಅವ್ವನಿಗೆ ತೋರಿಸಲು ಬಂದಿದ್ದರು. ಅವ್ವ ಅವರಿಗೆ ಬಿಸಿ ರೊಟ್ಟಿ, ಬೆಣ್ಣೆ ಹಾಕಿ, ನಾಣ್ಯ ಇಸಿದುಕೊಂಡು ಬಾಗಿಲ ಬೆಳಕಿಗೆ ಹಿಡಿದು ನೋಡಿದಳು. "ಗ್ರೀಕರದ್ದು ಅಂತೀರಿ, ಇದು ನಮ್ಮ ಬಸವಣ್ಣ ಅಲ್ಲೇನ್ರಪ್ಪ" ಅಂದು ಎರಡೂ ಕಣ್ಣಿಗೆ ಒತ್ತಿಕೊಂಡಳು. ಗ್ರೀಕರು ಸತ್ತವರ ಬಾಯಲ್ಲಿ ಸಣ್ಣ ಬೆಳ್ಳಿ ನಾಣ್ಯ ಇಡುತ್ತಿದ್ದರು, ಹೊಳೆ ದಾಟಿಸುವ ಅಂಬಿಗನಿಗೆ ಕೊಡಲಿಕ್ಕೆ ಅಂತ ಮೇಷ್ಟ್ರು ವಿವರಿಸಿದರು. ಅವ್ವ ಯೋಚನೆ ಮಾಡಿ, "ಬಾಯಿಗ್ಯಾಕೆ ಇಡ್ತಿದ್ರು, ನುಂಗಿಬಿಟ್ರೆ? ನಾವೇ ವಾಸಿ, ಹಣೆಗೆ ಹಚ್ತೀವಿ" ಅಂದಳು. ಮುಕ್ತಾರ್ ಸಾಬರು ನಗುತ್ತಾ ನಗುತ್ತಾ ನೆತ್ತಿಗೆ ಹತ್ತಿಸಿಕೊಂಡು ನೀರು ಕುಡಿದಿದ್ದರು.

ಎರಡನೇ ಸಲ ಹೊರಗೆ ಬಂದದ್ದು ಈಗ. ಶಿವಮೊಗ್ಗದ ನಾಣ್ಯಾಸಕ್ತರ ಸಂಘದವರು ತರುವ ಪತ್ರಿಕೆಗೆ ಮೇಷ್ಟ್ರು ಲೇಖನ ಬರೆಯುತ್ತಿದ್ದರು. ಗೂಳಿಯ ಚಿತ್ರ ಬಿಡಿಸಬೇಕು, ಮೊಬೈಲ್ ಫೋಟೋದಲ್ಲಿ ಅಕ್ಷರ ಸರಿಯಾಗಿ ಮೂಡುವುದಿಲ್ಲ, ಎರಡು ದಿನದ ಮಟ್ಟಿಗೆ ಕೊಡಿ ಅಂತ ಕೇಳಿದರು. ಮುಕ್ತಾರ್ ಸಾಬರು ನಾಣ್ಯವನ್ನು ಬೆರಳ ತುದಿಯಲ್ಲಿ ಒಮ್ಮೆ ತೂಗಿ ನೋಡಿದರು. ಆಮೇಲೆ ಪುಸ್ತಕ ತೆಗೆದು ಮುಂದೆ ಇಟ್ಟರು. "ಬರೆದು ತಗೊಂಡು ಹೋಗ್ರಿ ಮೇಷ್ಟ್ರೆ. ನಿಮ್ಮದೇ ಕಾನೂನು." ಮೇಷ್ಟ್ರು ಬರೆದರು: ಮಲ್ಲೇಶಪ್ಪನ ಕೈಗೆ, ಎರಡು ದಿನಕ್ಕೆ.

ಮಾರನೇ ದಿನ ಬೆಳಿಗ್ಗೆ ಕುಬಟೂರಿನಿಂದ ತಮ್ಮ ನಾಗರಾಜ ಫೋನ್ ಮಾಡಿದ, ಅವ್ವನಿಗೆ ಉಸಿರು ಮೇಲೆ ಕೆಳಗೆ ಆಗ್ತಿದೆ, ಬೇಗ ಬಾ ಅಂತ. ಗಂಡ ಹೆಂಡತಿ ಹೊರಟರು. ನಾಣ್ಯವನ್ನು ಮನೆಯಲ್ಲಿ ಬಿಟ್ಟು ಹೋಗುವ ಬುದ್ಧಿ ಬರಬೇಕಿತ್ತು, ಬರಲಿಲ್ಲ. ಅವ್ವನ ಪಕ್ಕ ಕೂತಾಗ ಚಿತ್ರ ಬಿಡಿಸಬಹುದು ಅಂದುಕೊಂಡು ಅದನ್ನು ಹಳದಿ ಬಟ್ಟೆಯ ಸಣ್ಣ ಸಂಚಿಯಲ್ಲಿ ಹಾಕಿ ಹೆಗಲಚೀಲಕ್ಕೆ ಸೇರಿಸಿದರು. ಹುಚ್ಚು ಅಂದೆನಲ್ಲ, ಅದಕ್ಕೆ ಹೊತ್ತುಗೊತ್ತು ಇರುವುದಿಲ್ಲ.

ಅವ್ವ ಆ ಸಂಜೆಯೇ ಹೋದಳು. ಮರುದಿನ ಮೇಷ್ಟ್ರು ಆನವಟ್ಟಿಗೆ ಹೂವು, ಹಾರ, ಪೂಜೆ ಸಾಮಾನು ತರಲು ಹೋದರು. ಬರುವಷ್ಟರಲ್ಲಿ ಹೆಂಗಸರು ಅವ್ವನನ್ನು ಮೀಯಿಸಿ, ಸೀರೆ ಉಡಿಸಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯ ಮೇಲೆ ಬರೀ ವಿಭೂತಿಯೇ ಕಂಡಿತ್ತು.

ಈಗ ವಿಭೂತಿ ಕರಗಿತ್ತು.

"ಹಾಕಪ್ಪ ಮಲ್ಲೇಶಪ್ಪ, ಮೊದಲ ಹಿಡಿ ನಿಂದೇ" ಅಂದರು ಅಯ್ಯನವರು. ಸುತ್ತ ನೂರು ಜನ. ಮೇಷ್ಟ್ರು ಬಾಯಿ ತೆರೆದರು. ಏನಂತ ಹೇಳುವುದು? ನಿಲ್ಲಿಸಿ, ಅವ್ವನ ಹಣೆಯ ಮೇಲಿನದು ಬೇರೆಯವರದ್ದು, ಕಿತ್ತು ಕೊಡಿ ಅಂತಲೇ? ಹೆತ್ತ ತಾಯಿಯ ಹಣೆಯಿಂದ ಬೆಳ್ಳಿ ಕಿತ್ತುಕೊಂಡ ಮಗ ಅಂತ ಕುಬಟೂರು ಮೂರು ತಲೆಮಾರು ಆಡಿಕೊಳ್ಳುತ್ತದೆ. ಹೇಳದಿದ್ದರೆ ಇಪ್ಪತ್ತಾರು ವರ್ಷದ ಸ್ನೇಹಿತನ ಒಂದೇ ಒಂದು ಆಸ್ತಿ ಮಣ್ಣುಪಾಲು. ಮಣ್ಣು ಬೆರಳ ಸಂದಿಯಿಂದ ಸೋರುತ್ತಿತ್ತು. "ಹಾಕಪ್ಪ" ಅಂದರು ಅಯ್ಯನವರು ಇನ್ನೊಮ್ಮೆ. ಕೈ ತಾನೇ ಬಿಚ್ಚಿಕೊಂಡಿತು. ಮಣ್ಣು ಅವ್ವನ ಮಡಿಲಿಗೆ ಬಿತ್ತು.

ಆಮೇಲೆ ನಾಗರಾಜ ಹಾಕಿದ, ನೆಂಟರು ಹಾಕಿದರು. ಮುಕ್ತಾರ್ ಸಾಬರು ಮುಂದೆ ಬಂದಾಗ ಮೇಷ್ಟ್ರು ಮುಖ ನೋಡಲಾರದೆ ಅವರ ಪಾದವನ್ನೇ ನೋಡುತ್ತಿದ್ದರು. ಸಾಬರ ಪದ್ಧತಿ ಮೂರು ಹಿಡಿ. ಒಂದು ಹಿಡಿ ಹಾಕಿದರು, ಎರಡನೇದು ಹಾಕಿದರು. ಮೂರನೇದಕ್ಕೆ ಬಗ್ಗಿದವರು ಸ್ವಲ್ಪ ತಡೆದರು, ಹಿಂದಿನವರು ನೂಕಾಡುತ್ತಿದ್ದರೋ ಏನೋ. ಆಮೇಲೆ ಅದನ್ನೂ ಹಾಕಿ ಪಕ್ಕಕ್ಕೆ ಸರಿದರು. ಕುಣಿ ತೋಡಿದ್ದ ಉಚ್ಚಂಗಪ್ಪನೂ ಇನ್ನಿಬ್ಬರೂ ಗುದ್ದಲಿ ಹಿಡಿದು ಕುಣಿ ಮುಚ್ಚಿದರು. ಹೊರಡುವಾಗ ಮುಕ್ತಾರ್ ಸಾಬರು ಮೇಷ್ಟ್ರ ಭುಜ ಒತ್ತಿ, "ಅವ್ವ ಕೈತುತ್ತು ಹಾಕಿದೋರು ಮೇಷ್ಟ್ರೆ" ಅಂದಷ್ಟೇ ಹೇಳಿ ಬಸ್ಸಿಗೆ ನಡೆದರು.

ಮನೆಗೆ ಬಂದು ಮೈತೊಳೆದ ಮೇಲೆ ಮೇಷ್ಟ್ರು ಹೆಂಡತಿಯನ್ನು ಹಿತ್ತಿಲಿಗೆ ಕರೆದರು. "ಅವ್ವನ ಹಣೆಗೆ ಏನು ಹಚ್ಚಿದೆ?"

"ಅದೇ ರೀ, ನಿಮ್ಮ ಚೀಲದಾಗೆ ಇತ್ತಲ್ಲ, ಬಸವಣ್ಣನ ಬೆಳ್ಳಿ" ಅಂದರು ನೀಲಾಂಬಿಕ. "ನಾಗರಾಜನ ಮನೇಲಿ ಒಂದು ಬೆಳ್ಳಿ ರೂಪಾಯೂ ಇರಲಿಲ್ಲ. ಪೇಟೆಯಿಂದ ತರ್ಸೋಣ ಅಂದ್ರೆ ಅಷ್ಟೊತ್ತಿಗೆ ಹೆಂಗಸ್ರು ಎತ್ತಿ ಕೂರಿಸಿ ಆಗಿತ್ತು. ಅತ್ತೆ ಅದನ್ನ ಒಂದ್ಸಲ ಕಣ್ಣಿಗೆ ಒತ್ಕೊಂಡಿದ್ರು ಅಂತ ನೀವೇ ಹೇಳಿದ್ರಲ್ಲ, ಅದೇ ಇರಲಿ ಅಂತ ನಾನೇ ಹಿಟ್ಟು ಕಲಸಿ ಹಚ್ಚಿದೆ. ನಿಮ್ಮ ಹನ್ನೊಂದರಲ್ಲಿ ಒಂದು ಹೋದ್ರೆ ಏನೂ ಆಗಲ್ಲ. ತಾಯಿಗಿಂತ ದೊಡ್ಡದೇ?"

"ಅದು ನಂದಲ್ಲ ನೀಲಾ. ಮುಕ್ತಾರ್ ಸಾಬರದ್ದು."

ನೀಲಾಂಬಿಕ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಹಾಗೇ ಕುಸಿದು ಕೂತರು. ಮುಖದ ಬಣ್ಣವೇ ಇಳಿದುಹೋಯಿತು. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, "ನಡೀರಿ, ಈಗಲೇ ಹೋಗಿ ಹೇಳಣ. ನನ್ನ ತಲೆ ಮೇಲೆ ಹಾಕ್ರಿ. ತಿಳೀದೇ ಹಚ್ಚಿದೆ ಅಂತ ನಾನೇ ಹೇಳ್ತೀನಿ. ಸಾಬ್ರು ಬಯ್ದ್ರೆ ಬಯ್ಸ್ಕೊತೀನಿ" ಅಂದರು.

ಮೇಷ್ಟ್ರು ತಲೆ ಅಲ್ಲಾಡಿಸಿದರು. ಹೆಂಡತಿಯ ತಪ್ಪು ಹೇಳುವುದು ಸುಲಭ, ಅವಳಿಗೆ ತಿಳಿದಿರಲಿಲ್ಲ. ಅವರಿಗೆ ತಿಳಿದಿತ್ತು. ಕಂಡಿತ್ತು. ಕಂಡ ಮೇಲೆ ಮಣ್ಣು ಹಾಕಿದರು. ಆ ಒಂದು ಸಂಗತಿಯನ್ನು ಹೆಂಡತಿಗೂ ಹೇಳಲಿಲ್ಲ. "ನಾನು ನೋಡ್ಕೊತೀನಿ, ನೀನು ಬಾಯಿ ಬಿಡಬೇಡ" ಅಂದುಬಿಟ್ಟರು.

ಮೂರನೇ ದಿನ ಅವ್ವನ ಸಮಾಧಿಗೆ ಹಾಲು ತುಪ್ಪ ಬಿಡಲು ಹೊಲಕ್ಕೆ ಹೋದರು. ಎಲ್ಲರೂ ತಿರುಗಿದ ಮೇಲೆ ಮೇಷ್ಟ್ರು ಒಬ್ಬರೇ ಉಳಿದರು. ಬಿಲ್ವದ ಸಸಿ ನೆಡುತ್ತೇನೆ ಅಂತ ಗುದ್ದಲಿ ಇಸಿದುಕೊಂಡಿದ್ದರು. ನಡು ಮಧ್ಯಾಹ್ನ, ಪಕ್ಕದ ಹೊಲದಲ್ಲಿ ಜೋಳದ ದಂಟು ಒಣಗಿ ನಿಂತಿತ್ತು. ಗುದ್ದಲಿ ಎತ್ತಿದರು. ಅರ್ಧ ಗಂಟೆಯ ಕೆಲಸ, ಮಣ್ಣು ಇನ್ನೂ ಸಡಿಲವೇ. ಗುದ್ದಲಿ ಎತ್ತಿದ ಕೈ ಅಲ್ಲೇ ನಿಂತಿತು. ಯಾವ ಮಗ ಇಂಥ ಕೆಲಸಕ್ಕೆ ಕೈ ಹಾಕಿಯಾನು ಅನ್ನಿಸಿತು, ಅನ್ನಿಸಿದ ಕೂಡಲೇ ತಾನು ಹಾಕುವವನಿದ್ದೆನಲ್ಲ ಅಂತ ಬೆಚ್ಚಿಬಿದ್ದರು. ಬೆವರು ಕಣ್ಣಿಗಿಳಿದು ಉರಿಯಿತು.

"ಸಸಿ ಎಲ್ಲೈತ್ರಿ ಮೇಷ್ಟ್ರೆ?" ಬದುವಿನ ಮೇಲೆ ಉಚ್ಚಂಗಪ್ಪ ನಿಂತಿದ್ದ.

ಸಸಿ ತರುವುದನ್ನೇ ಅವರು ಮರೆತಿದ್ದರು. ಏನೂ ಹೇಳದೆ ಗುದ್ದಲಿಯನ್ನು ಅವನ ಕೈಗಿಟ್ಟು ಬಂದರು.

ಹನ್ನೊಂದನೇ ದಿನದ ಶಿವಗಣಾರಾಧನೆ ಆಯಿತು. ಮುಕ್ತಾರ್ ಸಾಬರು ಬರಲಿಲ್ಲ, ಮಂಡಿಯ ಕೆಲಸ ಅಂತ ಫೋನ್ ಮಾಡಿದರು; ಅಕ್ಕಿ ಮೂಟೆ, ಬೆಲ್ಲ ಕಳಿಸಿಕೊಟ್ಟಿದ್ದರು. ಫೋನಿನಲ್ಲಿ ಹತ್ತು ನಿಮಿಷ ಮಾತಾಡಿದರು. ಊಟಕ್ಕೆ ಎಷ್ಟು ಜನ, ನಾಗರಾಜ ಹೇಗಿದ್ದಾನೆ, ನಿಮ್ಮ ಮಂಡಿನೋವು ಹೇಗಿದೆ, ಎಲ್ಲ ಕೇಳಿದರು. ಎರಡು ದಿನಕ್ಕೆ ಕೊಟ್ಟ ನಾಣ್ಯದ ಸುದ್ದಿ ಮಾತ್ರ ಎತ್ತಲಿಲ್ಲ. ಸಾವಿನ ಮನೆಯಲ್ಲಿ ಕೇಳಬಾರದು ಅಂತ ಸುಮ್ಮನಿದ್ದಾರೆ, ಎಂಥ ಮನುಷ್ಯ ಅಂದುಕೊಂಡರು ಮೇಷ್ಟ್ರು.

ಅಷ್ಟರಲ್ಲಿ ಒಂದು ದಾರಿ ಹೊಳೆದಿತ್ತು. ಹಾಳು ದಾರಿ, ಆದರೆ ಹೆದರಿದವನಿಗೆ ಹೊಳೆಯುವುದೇ ಅಂಥದ್ದು. ಬಸ್ಸಿನಲ್ಲಿ ಕಳೆಯಿತು ಅನ್ನುವುದು. ಬದಲಿಗೆ ಗೂಬೆ ನಾಣ್ಯ ಕೊಟ್ಟುಬಿಡುವುದು. ಚೌಕ ನಾಣ್ಯದಂಥ ಹತ್ತು ಬಂದರೂ ಗೂಬೆಗೆ ಸಮವಲ್ಲ, ಹಾಗಿರುವಾಗ ಸಾಬರಿಗೆ ಅನ್ಯಾಯ ಎಲ್ಲಿ ಆಯಿತು? ಊರಿಗೂ ಗೊತ್ತಾಗದು, ಅವ್ವನ ನಿದ್ದೆಯೂ ಕೆಡದು, ಕಂಡೂ ಮಣ್ಣು ಹಾಕಿದೆ ಅನ್ನುವ ಮಾತು ತನ್ನ ಬಾಯಿಂದ ಬರಬೇಕಾದ್ದೂ ಇಲ್ಲ. ಹೊರಡುವಾಗ ನೀಲಾಂಬಿಕ ಬಾಗಿಲಿಗೆ ಬಂದು, "ಇದ್ದಿದ್ದು ಇದ್ದಂಗೆ ಹೇಳ್ತೀರಿ ತಾನೆ?" ಅಂದರು. ಮೇಷ್ಟ್ರು ಕೇಳಿಸದವರಂತೆ ಚಪ್ಪಲಿ ಮೆಟ್ಟಿದರು.

ಅಂಗಡಿಯಲ್ಲಿ ಮುಕ್ತಾರ್ ಸಾಬರು ಕನ್ನಡಕ ಹಣೆಗೇರಿಸಿ ಒಂದು ತಕ್ಕಡಿಯ ಮುಳ್ಳು ಸರಿ ಮಾಡುತ್ತಿದ್ದರು. ಮೇಷ್ಟ್ರನ್ನು ಕಂಡು ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಸ್ಟೂಲು ಒರೆಸಿ ಕೂರಿಸಿದರು. ಎದುರಿನ ಹೋಟೆಲಿಗೆ ಎರಡು ಚಹಾ ಹೇಳಿದರು. ಆಮೇಲೆ ಕೈಕಟ್ಟಿ ಎದುರಿಗೆ ಕೂತು ಮುಖ ನೋಡಿದರು, ಏನೋ ಕೇಳಲು ತಯಾರಾಗಿ ಕೂತವರ ಹಾಗೆ. "ಹೇಳ್ರಿ ಮೇಷ್ಟ್ರೆ."

"ಸಾಬ್ರೆ, ಹೇಗೆ ಹೇಳಲಿ. ನಿಮ್ಮ ನಾಣ್ಯ…" ಮೇಷ್ಟ್ರಿಗೆ ನಿಜವಾಗಿಯೂ ಕಣ್ಣಲ್ಲಿ ನೀರು ಬಂತು. "ನಿಮ್ಮ ನಾಣ್ಯ ಕಳೆದೋಯ್ತು."

ಮುಕ್ತಾರ್ ಸಾಬರು ಅಲುಗಾಡಲಿಲ್ಲ. "ಎಲ್ಲಿ ಕಳೀತು?"

"ಬಸ್ಸಿನಲ್ಲಿ."

"ಬಸ್ಸಿನಲ್ಲಾ?"

"ಹೂಂ. ಅವ್ವನಿಗೆ ಹುಷಾರಿಲ್ಲ ಅಂತ ಹೋದ್ವಲ್ಲ, ಆವತ್ತೇ. ಶಿರಾಳಕೊಪ್ಪದಲ್ಲಿ ಇಳಿದು ಇನ್ನೊಂದು ಬಸ್ಸು ಹತ್ತೋವಾಗ ಗದ್ದಲ. ಚೀಲದ ಜಿಪ್ಪು ಬಿಚ್ಚಿಕೊಂಡಿತ್ತು. ಕುಬಟೂರಿಗೆ ಹೋಗಿ ನೋಡಿದ್ರೆ ಸಂಚಿ ಇಲ್ಲ. ಕಂಡಕ್ಟರನ್ನೂ ಕೇಳ್ದೆ, ಸೀಟಿನ ಕೆಳಗೆ ಹುಡುಕಿಸ್ದೆ." ಸತ್ಯದ ತಲೆ ಮೇಲೆ ಹೊಡೆದಂಗೆ ಸುಳ್ಳು ಹೇಳುವುದು ಅಂತಾರಲ್ಲ, ಹಾಗಿತ್ತು ಅದು. ಮೂವತ್ತೆರಡು ವರ್ಷ ಮಕ್ಕಳ ಸುಳ್ಳು ಹಿಡಿದ ಅನುಭವ ಬೇರೆ ಇತ್ತು, ಎಲ್ಲಿ ಎಷ್ಟು ವಿವರ ಇಡಬೇಕು ಅಂತ ಗೊತ್ತಿತ್ತು. ಸಂಚಿಯ ಬಣ್ಣವನ್ನೂ ಹೇಳಿದರು. ಹೇಳುತ್ತಾ ಹೇಳುತ್ತಾ ಅವರಿಗೇ ಆ ಬಸ್ಸು ಕಣ್ಣಿಗೆ ಕಟ್ಟಿತು.

ಹೇಳಿ ಮುಗಿಸಿ ಕಿಸೆಯಿಂದ ಗೂಬೆ ನಾಣ್ಯ ತೆಗೆದು ತಕ್ಕಡಿಯ ಪಕ್ಕ ಇಟ್ಟರು. "ಇದನ್ನ ಇಟ್ಕೊಳ್ರಿ. ಬೇಡ ಅನ್ನಬೇಡ್ರಿ. ನನ್ನ ಹತ್ರ ಇರೋದ್ರಲ್ಲಿ ಇದೇ ದೊಡ್ಡದು."

ಚಹಾ ಬಂತು. ಮುಕ್ತಾರ್ ಸಾಬರು ಚಹಾ ಮುಟ್ಟಲಿಲ್ಲ, ಗೂಬೆಯನ್ನೂ ಮುಟ್ಟಲಿಲ್ಲ. ಅವರ ಮುಖ ಮಾತ್ರ, ಯಾರೋ ಕೆನ್ನೆಗೆ ಹೊಡೆದ ಹಾಗೆ ಬಿಳಿಚಿಕೊಂಡಿತ್ತು. ನಾಣ್ಯ ಹೋದ ದುಃಖ, ಪಾಪ, ಅಂದುಕೊಂಡರು ಮೇಷ್ಟ್ರು. ಸಾಬರು ಎದ್ದು ಕಬ್ಬಿಣದ ಪೆಟ್ಟಿಗೆ ತೆಗೆದು, ರಟ್ಟಿನ ಪುಸ್ತಕ ತಂದು, ಮೇಷ್ಟ್ರ ಮುಂದೆ ಇಟ್ಟರು. ಪಕ್ಕದಲ್ಲಿ ಶಾಯಿ ಪೆನ್ನು ಇಟ್ಟರು.

"ನೀವೇ ಬರೀರಿ. ಯಾವ ಬಸ್ಸು, ಎಲ್ಲಿ, ಯಾವತ್ತು. ನನ್ನ ಕನ್ನಡ ಸೊಟ್ಟ."

ಮೇಷ್ಟ್ರು ಚೌಕ ನಾಣ್ಯದ ಪುಟ ತಿರುವಿದರು. ಮೊದಲ ಸಾಲು: ಮುಂಬೈಯ ಪಾರ್ಸಿ ಮಾಲೀಕರಿಂದ ಸಾಬರ ತಂದೆಗೆ. ಎರಡನೇ ಸಾಲು: ತಂದೆಯಿಂದ ಮುಕ್ತಾರ್ ಅಹಮದ್‌ಗೆ. ಮೂರನೇ ಸಾಲು ಅವರದೇ ದುಂಡು ಅಕ್ಷರ: ಮಲ್ಲೇಶಪ್ಪನ ಕೈಗೆ, ಎರಡು ದಿನಕ್ಕೆ.

ನಾಲ್ಕನೇ ಸಾಲು ಖಾಲಿ ಇರಬೇಕಿತ್ತು. ಇರಲಿಲ್ಲ. ಸೊಟ್ಟ ಸೊಟ್ಟ ಅಕ್ಷರದಲ್ಲಿ, ಅವ್ವನನ್ನು ಮಣ್ಣು ಮಾಡಿದ ದಿನದ ತಾರೀಕು ಹಾಕಿ ಬರೆದಿತ್ತು: ಈಶ್ವರಮ್ಮನವರ ಹಣೆಗೆ. ಕುಬಟೂರು. ನಾನು ಕಂಡಿದ್ದು. ಕೊಟ್ಟವರು ಮುಕ್ತಾರ್ ಅಹಮದ್.

ಮೇಷ್ಟ್ರಿಗೆ ಅಕ್ಷರ ಕಾಣುತ್ತಿತ್ತು, ಅರ್ಥ ತಲೆಗೆ ಇಳಿಯಲಿಲ್ಲ. ಇನ್ನೊಮ್ಮೆ ಓದಿದರು. ಕಿವಿಯಲ್ಲಿ ಗುಂಯ್ ಅಂದಿತು. ಪೇಟೆಯ ಗದ್ದಲವೆಲ್ಲ ಎಲ್ಲೋ ದೂರಕ್ಕೆ ಸರಿಯಿತು. ಹನ್ನೆರಡು ದಿನದ ಹಿಂದೆ ಕುಣಿಯ ಅಂಚಿನಲ್ಲಿ ಒಣಗಿದ ಬಾಯಿ ಈಗ ಮತ್ತೆ ಹಾಗೇ ಒಣಗಿತು.

"ಎರಡು ಹಿಡಿ ಹಾಕೋವರೆಗೂ ಅದು ನಂದೇ ಆಗಿತ್ತು ಮೇಷ್ಟ್ರೆ" ಅಂದರು ಮುಕ್ತಾರ್ ಸಾಬರು. ದನಿ ಏರಲಿಲ್ಲ. "ನಮ್ಮಪ್ಪನ ನೆನಪಾಯ್ತು, ಸುಳ್ಳು ಯಾಕೆ ಹೇಳಲಿ. ಬಗ್ಗಿದೋನು ಅಲ್ಲೇ ನಿಂತೆ. ಆಮೇಲೆ ಅವ್ವ ಅದನ್ನ ಕಣ್ಣಿಗೆ ಒತ್ಕೊಂಡಿದ್ದು ನೆನಪಾಯ್ತು. ಮೂರನೇ ಹಿಡಿಗೆ ಕೊಟ್ಟುಬಿಟ್ಟೆ. ಮನೆಗೆ ಬಂದು ಅದೇ ದಿನ ಬರೆದೆ."

ಮೇಷ್ಟ್ರು ಏನೋ ಹೇಳಲು ಹೋದರು. ಸಾಬರು ಕೈ ಎತ್ತಿ ತಡೆದರು.

"ನಿಮ್ಮ ಬೆನ್ನು ಕಾಣ್ತಿತ್ತು ನನಗೆ, ಮುಖ ಕಾಣ್ತಿರಲಿಲ್ಲ. ದುಃಖದಲ್ಲಿ ನಿಮಗೆ ಅದು ಕಂಡಿಲ್ಲ ಅಂದ್ಕೊಂಡೆ. ಆಮೇಲೆ ಗೊತ್ತಾಗುತ್ತೆ, ಓಡಿ ಬರ್ತಾರೆ, ಹಿಂಗಾಯ್ತು ಸಾಬ್ರೆ ಅಂತಾರೆ, ನಾನು ಈ ಪುಟ ತೋರಿಸಿ ಸುಮ್ಮನಿರ್ರಿ ಅಂತೀನಿ ಅಂದ್ಕೊಂಡಿದ್ದೆ. ದಿನಾ ಚಹಾದ ಹೊತ್ತಿಗೆ ದಾರಿ ನೋಡಿದೀನಿ. ನಾಣ್ಯ ಹೋಗಿದ್ದಕ್ಕೆ ನನಗೆ ಒಂದು ದಿನಾನೂ ನಿದ್ದೆ ಕೆಟ್ಟಿಲ್ಲ ಮೇಷ್ಟ್ರೆ. ಇವತ್ತು ಕೆಡುತ್ತೆ."

ಮೇಷ್ಟ್ರು ತಲೆ ತಗ್ಗಿಸಿದರು. ತೊಗರ್ಸಿಯವನನ್ನು ನಿಲ್ಲಿಸಿ ಬೈದ ಮೆಟ್ಟಿಲು ಕಾಲ ಬುಡದಲ್ಲೇ ಇತ್ತು. ಅಳಬೇಕು ಅನ್ನಿಸಿತು, ಅಳುವುದಕ್ಕೂ ನಾಚಿಕೆಯಾಯಿತು.

"ಕೆಳಗೆ ಜಾಗ ಐತೆ" ಅಂದರು ಸಾಬರು. "ಬಸ್ಸಿಂದು ಬರೀತೀರಾ?"

ಮೇಷ್ಟ್ರು ಪೆನ್ನು ತೆಗೆದುಕೊಂಡರು. ಕರಿಹಲಗೆಯ ಮೇಲೆ ಅಷ್ಟು ವರ್ಷ ದುಂಡಗೆ ಬರೆದ ಕೈ ಅದು. ಐದನೇ ಸಾಲಿನಲ್ಲಿ ನಿಧಾನಕ್ಕೆ ಬರೆದರು. ಅಕ್ಷರ ಸಾಬರ ಅಕ್ಷರಕ್ಕಿಂತ ಸೊಟ್ಟಗೆ ಬಂತು: ಮೊದಲ ಹಿಡಿ ಹಾಕುವ ಮುಂಚೆಯೇ ನಾನೂ ಕಂಡಿದ್ದೆ. ಬಸ್ಸಿನ ಮಾತು ಸುಳ್ಳು. ಮಲ್ಲೇಶಪ್ಪ.

ಪುಸ್ತಕವನ್ನು ತಿರುಗಿಸಿ ಸಾಬರ ಕಡೆಗೆ ತಳ್ಳಿದರು. ಮುಕ್ತಾರ್ ಸಾಬರು ಹಣೆಯ ಮೇಲಿನ ಕನ್ನಡಕ ಇಳಿಸಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು. ಓದಿ ಮುಗಿದರೂ ಬೆರಳು ಅಲ್ಲೇ ಇತ್ತು. "ಕಂಡಿದ್ರಾ?" ಅಂದರು, ಬಹಳ ಮೆಲ್ಲಗೆ.

"ಕಂಡಿದ್ದೆ."

ಸಾಬರು ಪುಟದ ಮೇಲಿನ ಬೆರಳು ತೆಗೆದರು. ಗೂಬೆ ನಾಣ್ಯವನ್ನು ಎತ್ತಿ, ಮೇಷ್ಟ್ರ ಅಂಗಿಯ ಕಿಸೆಗೆ ತಾವೇ ಹಾಕಿ, ಕಿಸೆಯ ಗುಂಡಿಯನ್ನೂ ತಾವೇ ಹಾಕಿದರು. ಆಮೇಲೆ ತಕ್ಕಡಿಯ ಮುಳ್ಳಿನ ಕೆಲಸಕ್ಕೆ ತಿರುಗಿ ಕೂತರು. ಇರ್ರಿ ಅನ್ನಲಿಲ್ಲ, ಹೋಗ್ರಿ ಅನ್ನಲಿಲ್ಲ. ಪುಸ್ತಕವನ್ನು ಮಾತ್ರ ಮುಚ್ಚಲಿಲ್ಲ, ಶಾಯಿ ಒಣಗಲಿ ಅಂತ ಇಬ್ಬರ ನಡುವೆ ತೆರೆದೇ ಇಟ್ಟಿದ್ದರು.